ಸ್ಪ್ಯಾನರ್ ಸಿಗುವವರೆಗೆ ಚಕ್ರ ತಿರುಗುವುದಿಲ್ಲ

ಹೊಸ ತಿಪ್ಪಸಂದ್ರದ ನಮ್ಮ ಮನೆಯ ಅಡುಗೆಕೋಣೆಯ ಗೋಡೆಗೆ ಒಂದು ದೊಡ್ಡ ಹಲಗೆ ಹೊಡೆದಿದೆ. ಅದರಲ್ಲಿ ಸೌಟು, ಇಕ್ಕಳ, ಜಾಲರಿ, ಲಟ್ಟಣಿಗೆ ಎಲ್ಲಕ್ಕೂ ಒಂದೊಂದು ಮೊಳೆ. ಪ್ರತಿ ಮೊಳೆಯ ಸುತ್ತಲೂ ಆಯಾ ವಸ್ತುವಿನ ಆಕಾರವನ್ನು ಕೆಂಪು ಬಣ್ಣದಲ್ಲಿ ಬರೆದಿದೆ. ಸೌಟು ಅದರ ಜಾಗದಲ್ಲಿಲ್ಲದಿದ್ದರೆ ಸೌಟಿನ ಆಕಾರದ ಖಾಲಿ ಜಾಗ ಮನೆಗೆ ಬಂದವರನ್ನೆಲ್ಲ ದಿಟ್ಟಿಸಿ ನೋಡುತ್ತದೆ. ಇದು ನನ್ನ ಏರ್ಪಾಡಲ್ಲ. ನಮ್ಮ ಯಜಮಾನರು ವಿಮಾನ ಕಾರ್ಖಾನೆಯಿಂದ ನಿವೃತ್ತರಾಗಿ ಮನೆಗೆ ಬಂದ ಮೊದಲ ವಾರವೇ ಮಾಡಿದ ಸುಧಾರಣೆ.

ಕಾರ್ಖಾನೆಯಲ್ಲಿ ಅವರು ಎಂಜಿನ್ ಬಿಚ್ಚಿ ಜೋಡಿಸುವ ವಿಭಾಗದಲ್ಲಿದ್ದರು. ಅಲ್ಲೊಂದು ನಿಯಮವಂತೆ. ಕೆಲಸ ಮುಗಿದ ಮೇಲೆ ಉಪಕರಣಗಳನ್ನೆಲ್ಲ ಅವುಗಳ ಗುರುತಿನ ಮೇಲೆ ಇಟ್ಟು ನೋಡಬೇಕು. ಒಂದೇ ಒಂದು ಸ್ಪ್ಯಾನರ್ ಕಡಿಮೆಯಾದರೂ ವಿಮಾನ ಶೆಡ್ಡಿನಿಂದ ಹೊರಗೆ ಹೋಗುವ ಹಾಗಿಲ್ಲ. ಅದು ಎಂಜಿನ್ನಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡಿಲ್ಲ ಎಂದು ಖಾತ್ರಿಯಾಗುವವರೆಗೆ ಎಲ್ಲರೂ ನಿಂತು ಹುಡುಕಬೇಕು. ವಿಮಾನಕ್ಕೆ ಇದು ಸರಿ. ಆದರೆ ನನ್ನ ತಂಗಿಯ ಮಗಳ ಮದುವೆಯ ದಿನ ಟ್ಯಾಕ್ಸಿ ಬಾಗಿಲಲ್ಲಿ ನಿಂತಿರುವಾಗ ಲಟ್ಟಣಿಗೆಯ ಜಾಗ ಖಾಲಿ ಇರುವುದು ಇವರ ಕಣ್ಣಿಗೆ ಬಿತ್ತು. ರೇಷ್ಮೆ ಸೀರೆ ಉಟ್ಟುಕೊಂಡು ನಾನು ಮಂಚದ ಕೆಳಗೆಲ್ಲ ತೂರಿ ಹುಡುಕಿದೆ. ಕೊನೆಗೆ ಅದು ಮಹಡಿ ಮನೆಯಾಕೆಯ ಚಪಾತಿ ಮಣೆಯ ಮೇಲಿತ್ತು. ನಾವು ಛತ್ರ ಮುಟ್ಟುವಾಗ ಮುಹೂರ್ತ ಮುಗಿದು ಮೊದಲ ಪಂಕ್ತಿ ಏಳುತ್ತಿತ್ತು.

ಅದೇ ಹಲಗೆಯ ಬಲತುದಿಯಲ್ಲಿ ಅಡುಗೆಗೆ ಸಂಬಂಧವಿಲ್ಲದ ಒಂದು ವಸ್ತುವೂ ನೇತಾಡುತ್ತಿತ್ತು. ಎಂಜಿನ್ ಪರೀಕ್ಷೆ ಮಾಡುವಾಗ ಸದ್ದು ಕೇಳಿಸದಂತೆ ಕಿವಿಗೆ ಹಾಕಿಕೊಳ್ಳುವ ದಪ್ಪನೆಯ ಹಳದಿ ಕಿವಿಮುಚ್ಚುಗ. ನಾನು ಫೋನಿನಲ್ಲಿ ತಂಗಿಯ ಜೊತೆ ಮಾತಿಗೆ ಕೂತರೆ ಇವರು ಎದ್ದು ಹೋಗಿ ಅದನ್ನು ತೆಗೆದು ಕಿವಿಗೆ ಏರಿಸಿಕೊಂಡು ಬಂದು ಪೇಪರ್ ಓದುತ್ತಿದ್ದರು. ನನ್ನ ಗಂಟಲು ಸ್ವಲ್ಪ ದೊಡ್ಡದು, ಒಪ್ಪುತ್ತೇನೆ. ನಾನು ತರಕಾರಿ ಗಾಡಿಯವನನ್ನು ಕರೆದರೆ ಪಕ್ಕದ ಬೀದಿಯ ಗಾಡಿಯೂ ನಿಲ್ಲುತ್ತದೆ.

"ನಾನಿಲ್ಲೇ ಇದೀನಿ ಕಣೆ. ಇದೇನು ಎಂಜಿನ್ ಟೆಸ್ಟ್ ಬೆಡ್ಡಾ?" ಎನ್ನುವುದು ಅವರ ದಿನನಿತ್ಯದ ಮಾತು. ಮದುವೆಯಾದ ಹೊಸದರಲ್ಲಿ ನಾನು ಹೀಗಿರಲಿಲ್ಲ ಎಂದು ಬಂದ ನೆಂಟರ ಮುಂದೆಯೂ ಹೇಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ನಾನು ಸರ್ಕಾರಿ ಶಾಲೆಯ ಟೀಚರು. ಕೃಷ್ಣರಾಜಪುರ ದಾಟಿ, ಊರು ಮುಗಿಯಿತು ಅನ್ನಿಸಿದ ಮೇಲೂ ಇನ್ನಷ್ಟು ದೂರ ಬಸ್ಸಿನಲ್ಲಿ ಹೋದರೆ ಆ ಹಳ್ಳಿ ಸಿಗುತ್ತದೆ. ದಾಖಲೆಯಲ್ಲಿ ಇನ್ನೂ ಹಳ್ಳಿ, ಸುತ್ತಲೂ ಅಪಾರ್ಟ್‌ಮೆಂಟುಗಳು. ಅವುಗಳನ್ನು ಕಟ್ಟಲು ಕಲಬುರಗಿ, ರಾಯಚೂರು ಕಡೆಯಿಂದ ಬಂದು ಬಾಡಿಗೆ ಕೋಣೆಗಳಲ್ಲಿರುವವರ ಮಕ್ಕಳೇ ನಮ್ಮಲ್ಲಿ ಹೆಚ್ಚು. ನನಗೆ ಮೊದಲಿನಿಂದಲೂ ಸಿಕ್ಕಿದ್ದು ಒಳಗಿನ ಕೋಣೆ. ಇರುವುದು ಒಂದೇ ಕಿಟಕಿ. ಅದರಾಚೆ ಹುಣಸೆ ಮರ. ಮರ ಹೋದ ಮೇಲೆ ಒಂದಿಷ್ಟು ಬೆಳಕು ಬಂದೀತು ಎಂದುಕೊಂಡರೆ, ಅದೇ ಜಾಗದಲ್ಲಿ ಹೊಸ ಲೇಔಟಿನ ಕಾಂಪೌಂಡು ಎದ್ದಿತು. ಕೋಣೆಯ ವೈರಿಂಗ್ ಯಾವ ಕಾಲದಲ್ಲೋ ಸುಟ್ಟುಹೋಗಿದೆ. ಕಟ್ಟಡವನ್ನೇ ಕೆಡವಿ ಹೊಸದು ಕಟ್ಟುತ್ತಾರೆ ಎಂಬ ಮಾತು ಪ್ರತಿ ವರ್ಷವೂ ಬರುವುದರಿಂದ ಹೊಸ ವೈರು ಎಳೆಸಲು ಯಾರಿಗೂ ಮನಸ್ಸಿಲ್ಲ. ಮೋಡ ಕವಿದ ದಿನ ನಾನು ಬೋರ್ಡಿನ ಮೇಲೆ ಬರೆದದ್ದು ನನಗೇ ಕಾಣುವುದಿಲ್ಲ. ಎದುರಿಗೆ ಕೂತ ಮಕ್ಕಳ ಮುಖವೂ ಅಷ್ಟೆ.

ಅದು ನನ್ನ ನೌಕರಿಯ ಕೊನೆಯ ವರ್ಷ. ಹೋಗುವ ಮುಂಚೆ ಆ ಕೋಣೆಗೆ ಒಂದು ದೀಪ ಬರಬೇಕು ಎನ್ನುವುದೊಂದೇ ನನ್ನ ಆಸೆಯಾಗಿತ್ತು. ನನ್ನ ನಂತರ ಬರುವವರು ಹೊಸಬರು. ಅವರು ಗೊಣಗಲು ಕಲಿಯುವಷ್ಟರಲ್ಲಿ ಇನ್ನೊಂದು ತಲೆಮಾರಿನ ಮಕ್ಕಳು ಕತ್ತಲಲ್ಲಿ ಮಗ್ಗಿ ಕಲಿತು ಹೋಗಿರುತ್ತಾರೆ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು. ಈ ಸಂಕಟವನ್ನು ನಾನು ದಿನಾ ರಾತ್ರಿ ಊಟದ ಹೊತ್ತಿಗೆ ತೋಡಿಕೊಳ್ಳುತ್ತಿದ್ದೆ. ಯಜಮಾನರು ಕಿವಿಮುಚ್ಚುಗದ ಕಡೆ ನೋಡುತ್ತಿದ್ದರು.

ಒಂದು ದಿನ ಮಾತ್ರ ಸಾರನ್ನ ಕಲಸುತ್ತ ಕೇಳಿದರು: "ನಿಮ್ ಸ್ಕೂಲಲ್ಲಿ ಮಕ್ಕಳು ಕೂತು ಸುತ್ತೋ ಚಕ್ರ ಇದ್ಯಾ?"

ಇತ್ತು. ಯಾರೋ ದಾನಿಗಳು ಹಾಕಿಸಿದ್ದು, ತುಕ್ಕು ಹಿಡಿದು ನಿಂತು ಎಷ್ಟೋ ಕಾಲವಾಗಿತ್ತು. ಮಕ್ಕಳು ಅದರ ಮೇಲೆ ಊಟದ ತಟ್ಟೆ ಒಣಗಿಸುತ್ತಿದ್ದರು. ಹಳ್ಳಿ ಶಾಲೆಗಳಲ್ಲಿ ಮಕ್ಕಳು ಆಡುವ ಚಕ್ರದಿಂದಲೇ ಕರೆಂಟು ತೆಗೆದು ಬ್ಯಾಟರಿಯಲ್ಲಿ ತುಂಬಿ ದೀಪ ಉರಿಸುವುದನ್ನು ಇವರು ಮೊಬೈಲಿನಲ್ಲಿ ನೋಡಿದ್ದರಂತೆ. "ನಾನ್ ಮಾಡ್ಕೊಡ್ತೀನಿ," ಎಂದರು. ನನ್ನ ಇಡೀ ನೌಕರಿಯಲ್ಲಿ ಒಂದು ದಿನವೂ ನನ್ನ ಶಾಲೆಯ ಗೇಟು ನೋಡಿರದ ಮನುಷ್ಯ! ನಾನು ಎರಡನೇ ಸಲ ಅನ್ನ ಬಡಿಸಿದೆ.

ಸಾಮಾನಿಗೆಂದು ಶಿವಾಜಿನಗರದ ಗುಜರಿಗೆ ಹೋದೆವು. ಅಲ್ಲಿ ಗೋರಂಟಿ ಬಣ್ಣದ ಗಡ್ಡದ ಒಬ್ಬ ಹಿರಿಯ ವ್ಯಾಪಾರಿ, ಯಾವ ಗಾಡಿಯ ಯಾವ ಭಾಗ ಕೇಳಿದರೂ ಕೂತಲ್ಲಿಂದಲೇ ಕೈ ಚಾಚಿ ತೆಗೆಯುತ್ತಿದ್ದರು. ಹಳೇ ವ್ಯಾನಿನ ಹಿಂದಿನ ಚಕ್ರಗಳ ಆಕ್ಸಲ್ ಗೇರು ಸಮೇತ ಸಿಕ್ಕಿತು. ಅದನ್ನು ನೆಟ್ಟಗೆ ನಿಲ್ಲಿಸಿದರೆ ಮೇಲೆ ಚಕ್ರ ನಿಧಾನಕ್ಕೆ ಸುತ್ತಿದರೂ ಕೆಳಗಿನ ಹಲ್ಲುಗಾಲಿ ಜೋರಾಗಿ ಸುತ್ತುತ್ತದೆ ಎಂದು ಇವರು ನನಗೆ ವಿವರಿಸಿದರು. ಇನ್ನು ಆ ವೇಗವನ್ನು ಕರೆಂಟಾಗಿ ಮಾಡಲು ಒಂದು ಮೋಟಾರು ಬೇಕಿತ್ತು. ವ್ಯಾಪಾರಿ ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋಗಿ, ಮೈ ಕರಗಿಸಲು ಮನೆಯೊಳಗೇ ಓಡುವ ಟ್ರೆಡ್‌ಮಿಲ್ಲುಗಳ ಗುಡ್ಡೆಯನ್ನು ತೋರಿಸಿದರು.

"ಎಲ್ಲಾ ಇಂದಿರಾನಗರದ್ದು ಮೇಡಂ. ಹೊಸ ವರ್ಷಕ್ಕೆ ತಗೋತಾರೆ, ಯುಗಾದಿ ಹೊತ್ಗೆ ನಮ್ಹತ್ರ ಬರ್ತದೆ. ನಡುವೆ ಸ್ವಲ್ಪ ದಿನ ಬಟ್ಟೆ ಒಣಗ್ಸ್ತಾರೆ."

ಯಜಮಾನರು ಜೇಬಿನಿಂದ ಭೂತಗನ್ನಡಿ ತೆಗೆದು ಮೋಟಾರನ್ನು ಪರೀಕ್ಷಿಸಿದರು. "ಇದರ ಹಿಸ್ಟರಿ ಏನು? ಎಷ್ಟು ಗಂಟೆ ಓಡಿದೆ?"

"ಕ್ಯಾ ಸಾಬ್! ಓಡಿದ್ರೆ ಯಾಕ್ ಮಾರ್ತಿದ್ರು?"

"ಬೇರಿಂಗ್ ಯಾವಾಗ ಬದಲಾಯಿಸಿದ್ದು? ಯಾರು ಚೆಕ್ ಮಾಡಿ ಸೈನ್ ಹಾಕಿದ್ದು?"

ವ್ಯಾಪಾರಿ ನನ್ನ ಕಡೆ ಕನಿಕರದಿಂದ ನೋಡಿದರು. "ನಕ್ಕೋ ಸಾಬ್, ಬೇಡ, ಹಿಂಗೆಲ್ಲ ಕೇಳಿದ್ರೆ ಶಿವಾಜಿನಗರಾನೇ ಬಂದ್ ಮಾಡ್ಬೇಕಾಗ್ತದೆ." ಆದರೆ ಮಕ್ಕಳ ಆಟದಿಂದ ದೀಪ ಉರಿಯುವ ವಿಷಯ ಅವರ ತಲೆ ಹೊಕ್ಕಿತ್ತು. ನೋಡದೆ ಬಿಡುವುದಿಲ್ಲವೆಂದು ತಮ್ಮ ಟೆಂಪೊದಲ್ಲೇ ಸಾಮಾನಿನ ಜೊತೆ ನಮ್ಮ ಮನೆಗೆ ಬಂದರು.

ನಮ್ಮ ತಾರಸಿಯ ಮೇಲೆ ಕೆಲಸ ನಡೆಯಿತು. ಪರೀಕ್ಷೆಗೆ ಅಕ್ಕಿ ಮೂಟೆ ಸಾಲದು, ಅಲುಗಾಡುವ ಭಾರವೇ ಬೇಕು ಎಂದು ಇವರು ಆಕ್ಸಲ್ಲಿನ ಮೇಲೆ ಅಡ್ಡಲಾಗಿ ಬಿಗಿದ ಹಲಗೆಯ ಒಂದು ತುದಿಗೆ ನನ್ನನ್ನೂ ಇನ್ನೊಂದು ತುದಿಗೆ ಆ ವ್ಯಾಪಾರಿಯನ್ನೂ ಕೂರಿಸಿದರು. ಕಿವಿಮುಚ್ಚುಗ ಏರಿಸಿಕೊಂಡರು. ಕಾರ್ಖಾನೆಯ ನಿಯಮ ನೋಡಿ, ಪರೀಕ್ಷೆಯೆಂದರೆ ಕಿವಿ ಮುಚ್ಚಲೇಬೇಕು. ಒಂದು ಕೈಯಲ್ಲಿ ಹಲಗೆ ತಳ್ಳುತ್ತ, ಇನ್ನೊಂದು ಕೈಯಲ್ಲಿ ಮೀಟರು ಹಿಡಿದು ನೋಡತೊಡಗಿದರು. ಸುತ್ತಲಿನ ತಾರಸಿಗಳಲ್ಲಿ ಹಪ್ಪಳ ಒಣಗಿಸುವ ನೆಪದಲ್ಲಿ ಜನ ಸೇರಿದರು. ಬಲ್ಬು ಮಿಣುಕಿತು, ಆಮೇಲೆ ಝಗ್ಗೆಂದು ಹೊತ್ತಿತು.

"ಯಾ ಅಲ್ಲಾ, ಲೈಟ್ ಬಂತು! ಸಾಬ್, ಬಸ್, ಸಾಕು, ನಿಲ್ಸಿ!" ಎಂದು ವ್ಯಾಪಾರಿ ಕೂಗಿದರು. "ರೀ, ನಿಲ್ಸ್ರೀ!" ಎಂದು ನಾನೂ ಕೂಗಿದೆ. ಇವರಿಗೆ ಕೇಳಿಸಲಿಲ್ಲ. ಮೀಟರಿನ ಮುಳ್ಳು ನೋಡಿ ನಗುತ್ತ ಇನ್ನೂ ಜೋರಾಗಿ ತಳ್ಳಿದರು. ಕೊನೆಗೆ ಎದುರು ತಾರಸಿಯಾಕೆ ಒಂದು ಹಸಿ ಹಪ್ಪಳವನ್ನು ಇವರ ಮೇಲೆ ಎಸೆದ ಮೇಲೆ ನಿಲ್ಲಿಸಿದರು. ಅಂದು ಸುತ್ತಿದ ನಮ್ಮಿಬ್ಬರಿಗೂ ಊಟ ಸೇರಲಿಲ್ಲ. ವ್ಯಾಪಾರಿ ಗೋಡೆ ಹಿಡಿದುಕೊಂಡೇ ಮೆಟ್ಟಿಲಿಳಿದು, "ದೀಪ ಚೆನ್ನಾಗಿದೆ ಮೇಡಂ, ನಿಮ್ಮವರೇ ಸ್ವಲ್ಪ…" ಎಂದು ಮಾತು ನಿಲ್ಲಿಸಿದರು.

ಶಾಲೆಯಲ್ಲಿ ಜೋಡಿಸುವ ದಿನ ಬಂತು. ವ್ಯಾಪಾರಿಯೇ ತಮ್ಮ ಟೆಂಪೊದಲ್ಲಿ ಸಾಮಾನೆಲ್ಲ ತಂದಿಳಿಸಿ, ನೋಡಲು ಅಲ್ಲೇ ಉಳಿದರು. ನಮ್ಮ ಮುಖ್ಯೋಪಾಧ್ಯಾಯಿನಿ, ನನಗಿಂತ ಬಹಳ ಚಿಕ್ಕವರು, ಭಯಸ್ಥೆ. ಇಂಥದ್ದನ್ನು ಶಾಲೆಯಲ್ಲಿ ಇಡಬೇಕಾದರೆ ಇಲಾಖೆಯ ಸಾಹೇಬರು ಬಂದು ಕಣ್ಣಾರೆ ನೋಡಿ ಹೂಂ ಎನ್ನಬೇಕಿತ್ತು. ಅವರು ಮಧ್ಯಾಹ್ನ ಬರಲು ಒಪ್ಪಿದ್ದೇ ದೊಡ್ಡದು. ಅಂದು ತಪ್ಪಿದರೆ ಮತ್ತೆ ಯಾವಾಗಲೋ. ಅಷ್ಟರಲ್ಲಿ ನಾನು ಮನೆಯಲ್ಲಿರುತ್ತಿದ್ದೆ. ಸಾಹೇಬರು ಬರುವ ದಿನ ಮಾಡುವ ಏರ್ಪಾಡನ್ನೇ ನಾನೂ ಮಾಡಿದೆ. ಮಕ್ಕಳನ್ನೆಲ್ಲ ಜಗಲಿಯ ಮೇಲೆ ಸಾಲಾಗಿ ಕೂರಿಸಿ, "ಬಾಯಿ ಮೇಲೆ ಬೆರಳು! ನಾನ್ ಹೇಳೋ ತನಕ ಒಬ್ರೂ ಬಾಯಿ ಬಿಡಂಗಿಲ್ಲ!" ಎಂದು ಕೂಗಿದೆ. ಸಾಲು ಸಾಲು ತೋರುಬೆರಳುಗಳು ತುಟಿಗೆ ಹೋದವು.

ಯಜಮಾನರು ಬೆಳಗಿನಿಂದ ನಾನು ನೋಡಿದಾಗಲೆಲ್ಲ ಚಕ್ರದ ಅಡಿಯಲ್ಲೇ ಇದ್ದರು. ಸುತ್ತ ಹಗ್ಗ ಕಟ್ಟಿ ಯಾರನ್ನೂ ಹತ್ತಿರ ಬಿಡಲಿಲ್ಲ. ನಾನು ಹೂವಿನ ಹಾರ, ಬಾಳೆಹಣ್ಣು ಎಂದು ಓಡಾಡುತ್ತಿದ್ದೆ. ಚಕ್ರ ಜೋಡಿಸಿ, ವೈರು ಎಳೆದು, ದೀಪ ಹಾಕಿ ಮುಗಿಯುವುದಕ್ಕೂ ಸಾಹೇಬರ ಜೀಪು ಬರುವುದಕ್ಕೂ ಸರಿಹೋಯಿತು. ಮುಖ್ಯೋಪಾಧ್ಯಾಯಿನಿ ರಿಬ್ಬನ್ ಕಟ್ಟಿದರು. ಸಾಹೇಬರ ಕೈಗೆ ಕತ್ತರಿ ಬಂತು.

"ಒಂದ್ನಿಮಿಷ," ಎಂದರು ಯಜಮಾನರು. ನೆಲದ ಮೇಲೆ ಹಾಸಿದ ಬಟ್ಟೆಯಲ್ಲಿ ಅವರ ಉಪಕರಣಗಳು ತಮ್ಮ ತಮ್ಮ ಕೆಂಪು ಗೆರೆಗಳೊಳಗೆ ಮಲಗಿದ್ದವು. ನಡುವೆ ಸ್ಪ್ಯಾನರಿನ ಆಕಾರದ ಒಂದು ಖಾಲಿ ಜಾಗ.

ನನಗೆ ಲಟ್ಟಣಿಗೆ ನೆನಪಾಯಿತು.

"ಸ್ಪ್ಯಾನರ್ ಸಿಗೋ ತನಕ ಚಕ್ರ ತಿರುಗೋ ಹಾಗಿಲ್ಲ," ಎಂದು ಅವರು ಚಕ್ರಕ್ಕೆ ಸರಪಳಿ ಸುತ್ತಿ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದರು. ಸಾಹೇಬರು ಕತ್ತರಿ ಹಿಡಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ನಿಂತರು. ಮುಖ್ಯೋಪಾಧ್ಯಾಯಿನಿಯ ಮುಖ ಅಳುವ ಹಾಗಾಯಿತು.

ಹುಡುಕಾಟ ಶುರುವಾಯಿತು. ಮೋಟಾರಿನ ಪೆಟ್ಟಿಗೆ ಬಿಚ್ಚಿದರು. ಟೆಂಪೊದ ಅಡಿಯಲ್ಲಿ ವ್ಯಾಪಾರಿ ಮೊಬೈಲ್ ಟಾರ್ಚು ಹಿಡಿದು ತೆವಳಿದರು. ಬಿಸಿಯೂಟದ ಅಡುಗೆಯಾಕೆ ಸಾಂಬಾರಿನ ಹಂಡೆಗೆ ಸೌಟು ಇಳಿಸಿ ತಳ ಮುಟ್ಟ ಕಲಕಿದಳು. ಕುಂಬಳಕಾಯಿ ಬಿಟ್ಟು ಬೇರೇನೂ ಸಿಗಲಿಲ್ಲ. ಸಾಹೇಬರನ್ನು ಎಬ್ಬಿಸಿ ಅವರ ಕುರ್ಚಿಯನ್ನೂ ತಲೆಕೆಳಗು ಮಾಡಿ ನೋಡಿದ್ದಾಯಿತು. ಅವರು ಗಡಿಯಾರ ನೋಡಿಕೊಂಡು, "ಇನ್ನೊಂದು ಸ್ಕೂಲಿಗೆ ಹೋಗ್ಬೇಕಿತ್ತು" ಎಂದರು. ನನ್ನ ದೀಪ ಜೀಪು ಹತ್ತಿ ಹೋಗುತ್ತಿರುವುದು ನನಗೆ ಕಾಣುತ್ತಿತ್ತು.

ಆಗ ನನ್ನ ಗಂಟಲು ಪೂರ್ತಿ ತೆರೆಯಿತು. "ರೀ! ಅದು ವಿಮಾನ ಅಲ್ಲಾ ರೀ! ನೆಲದಿಂದ ಒಂದು ಮೊಳ ಮೇಲಿದೆ! ಬಿದ್ರೂ ಎಲ್ಲಿಗ್ರೀ ಬೀಳತ್ತೆ? ಕೀಲಿ ಕೊಡ್ರೀ!"

ಕಾಂಪೌಂಡಿನಾಚೆಯ ಅಪಾರ್ಟ್‌ಮೆಂಟಿನಲ್ಲಿ ಎರಡು ಬಾಲ್ಕನಿ ಬಾಗಿಲು ತೆರೆದವು. ಯಜಮಾನರು ಮಾತ್ರ ಕೂಗಲಿಲ್ಲ. "ಅದು ಗೇರಿನ ಒಳಗೆ ಬಿದ್ದಿದ್ರೆ ಜೋರಾಗಿ ಸುತ್ತೋವಾಗ ಗಕ್ಕಂತ ನಿಲ್ಲತ್ತೆ ಕಣೆ. ಮೇಲೆ ಕೂತಿರೋರು ಮಕ್ಕಳು," ಎಂದರು. ಅವರು ಹೇಳಿದ್ದು ಸರಿ. ಅದಕ್ಕೇ ನನಗೆ ಸಿಟ್ಟು ಇನ್ನೂ ಹೆಚ್ಚಾಯಿತು.

ಈ ಗದ್ದಲದಲ್ಲಿ ಜಗಲಿಯ ಮೇಲಿಂದ ಒಂದು ಕೈ ಬಹಳ ಹೊತ್ತಿನಿಂದ ಮೇಲೆದ್ದಿತ್ತು. ನನ್ನ ತರಗತಿಯ ಒಬ್ಬ ಹುಡುಗಿ. ಅವಳ ಅಪ್ಪ ಅಮ್ಮ ಕಲಬುರಗಿ ಕಡೆಯವರು, ಪಕ್ಕದ ಕಟ್ಟಡದಲ್ಲಿ ಗಾರೆ ಕೆಲಸ. ಒಂದು ಕೈಯ ಬೆರಳು ತುಟಿಯ ಮೇಲೆ, ಇನ್ನೊಂದು ಕೈಯಲ್ಲಿ ಕಿರುಬೆರಳು. ಬಾಯಿ ಬಿಡದೆ ಎದ್ದು ಹೋಗಲು ನಮ್ಮ ಶಾಲೆಯಲ್ಲಿ ಅದೊಂದೇ ದಾರಿ. ನಾನು ಎರಡು ಸಲ "ಆಮೇಲೆ, ಆಮೇಲೆ" ಎಂದು ಕೈ ಮಾಡಿದ್ದೆ. ಕೊನೆಗೆ ಸಾಹೇಬರೇ, "ಪಾಪ, ಆ ಮಗೂನ ಕಳಿಸ್ರಮ್ಮ, ಆಗ್ಲಿಂದ ಕೈ ಎತ್ಕೊಂಡ್ ಕೂತಿದೆ," ಎಂದರು.

ಕಳಿಸಿದೆ. ಅವಳು ಶೌಚಾಲಯದ ಕಡೆ ಹೋಗಲಿಲ್ಲ. ನೆಟ್ಟಗೆ ಒಳಗಿನ ಕೋಣೆಗೆ, ನನ್ನ ಕತ್ತಲೆ ಕೋಣೆಗೆ ಹೋದಳು. ಹೊರಗೆ ಬರುವಾಗ ಅವಳ ಕೈಯಲ್ಲಿ ಸ್ಪ್ಯಾನರ್ ಇತ್ತು.

ಯಜಮಾನರು ಓಡಿಹೋಗಿ ಅದನ್ನು ತೆಗೆದುಕೊಂಡು, ಕನ್ನಡಕ ಏರಿಸಿ ಅದರ ಮೇಲಿನ ನಂಬರು ನೋಡಿ, ತಮ್ಮದೇ ಎಂದು ಖಾತ್ರಿ ಮಾಡಿಕೊಂಡರು. "ಎಲ್ಲಿತ್ತು ಪುಟ್ಟಿ?"

ಅವಳು ನನ್ನನ್ನು ನೋಡಿದಳು. ಬೆರಳು ಮತ್ತೆ ತುಟಿಗೆ ಹೋಗಿತ್ತು.

"ಬಾಯಿ ಬಿಡೇ ತಾಯಿ!" ಎಂದೆ.

"ಕಡೀ ಬೆಂಚಿನ ಮ್ಯಾಲ ಇತ್ರಿ ಟೀಚರ್. ಮುಂಜಾನಿ ಈ ಅಜ್ಜಾರು ಲೈಟ್ ಹಾಕಾಕ ಹೋಗಿ, ಅಲ್ಲೇ ಕಡೀ ಬೆಂಚಿನ್ಯಾಗ ಕುಂತು ಬೋರ್ಡ್ ಓದಾಕತ್ತಿದ್ರು. ಭಾಳ ಹೊತ್ತು ಕುಂತಿದ್ರಿ. ಆ ಬೆಂಚಿನ್ಯಾಗೂ ಕುಂತ್ರು, ಈ ಬೆಂಚಿನ್ಯಾಗೂ ಕುಂತ್ರು. ಅವರಿಗಿ ಓದಾಕ ಬರಲೇ ಇಲ್ರಿ."

"ನಾವೂ ನೋಡೀವ್ರಿ!" ಎಂದು ಜಗಲಿಯಿಡೀ ಕೂಗಿತು. ಎಲ್ಲರಿಗೂ ಗೊತ್ತಿತ್ತು. ನಾನು ಹೇಳಿದ್ದಕ್ಕೆ ಎಲ್ಲರೂ ಬಾಯಿ ಮೇಲೆ ಬೆರಳಿಟ್ಟುಕೊಂಡು, ದೊಡ್ಡವರು ಸಾಂಬಾರು ಕಲಕುವುದನ್ನು ನೋಡುತ್ತ ಕೂತಿದ್ದರು.

ಓದಲು ಬಾರದ ಅಜ್ಜನನ್ನು ನೆನೆದು ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ವ್ಯಾಪಾರಿ ಮಣ್ಣು ಮೆತ್ತಿದ ಮೊಣಕಾಲು ಒರೆಸಿಕೊಳ್ಳುತ್ತ ನಕ್ಕರು. ಯಜಮಾನರು ನಗಲಿಲ್ಲ. ಸ್ಪ್ಯಾನರನ್ನು ಅದರ ಕೆಂಪು ಗೆರೆಯೊಳಗೆ ಮಲಗಿಸಿ, "ಕ್ಲಿಯರ್" ಎಂದು ಯಾರಿಗೂ ಅಲ್ಲದಂತೆ ಹೇಳಿ ಬೀಗ ತೆಗೆದರು.

ರಿಬ್ಬನ್ ಕತ್ತರಿಸುವ ಮೊದಲೇ ಮಕ್ಕಳು ಚಕ್ರದ ಮೇಲಿದ್ದರು. ಹಾಗಾಗಿ ಸಾಹೇಬರು ಸುತ್ತುತ್ತಿರುವ ರಿಬ್ಬನ್ನಿನ ಹಿಂದೆ ಕತ್ತರಿ ಹಿಡಿದು ಸ್ವಲ್ಪ ದೂರ ಓಡಬೇಕಾಯಿತು. ಆಮೇಲೆ ಅವರೂ ಒಂದು ಬದಿಯಲ್ಲಿ ಕೂತು ಸುತ್ತಿದರು. ಇಳಿದು ಬಂದವರು ಹೂಂ ಎಂದರು.

ನಾನು ಒಳಗಿನ ಕೋಣೆಗೆ ಹೋದೆ. ದೀಪ ಉರಿಯುತ್ತಿತ್ತು. ಇಷ್ಟು ವರ್ಷ ಬೂದು ಬಣ್ಣದ್ದೆಂದು ನಂಬಿದ್ದ ಗೋಡೆ ಹಸಿರಾಗಿತ್ತು. ಮೇಲಿನ ಮೂಲೆಯ ಜೇಡರ ಬಲೆಗಳನ್ನು ನೋಡಿ ನನಗೇ ನಾಚಿಕೆಯಾಯಿತು. ಹಿಂದೆಯೇ ಯಜಮಾನರು ಬಂದು, ನನ್ನ ಕಡೆ ನೋಡದೆ, ಹೋಗಿ ಕೊನೆಯ ಬೆಂಚಿನಲ್ಲಿ ಕೂತರು. ಮೊಣಕಾಲು ಬೆಂಚಿನೊಳಗೆ ಹಿಡಿಸದೆ ಪಕ್ಕಕ್ಕೆ ಚಾಚಿದ್ದವು. ಬೋರ್ಡಿನ ಮೇಲಿದ್ದ ಹಿಂದಿನ ದಿನದ ಪದಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. "ಮಳೆ. ಬಳೆ. ಎಲೆ. ಬೆಲ್ಲ."

"ಈಗ ಕಾಣ್ತಿದೆ," ಎಂದರು.

ನನಗೆ ಅಳು ಬಂತು. ಅತ್ತುಬಿಟ್ಟೆ. ಅಷ್ಟರಲ್ಲಿ ಅಡುಗೆಯಾಕೆ ಊಟಕ್ಕೆ ಕರೆದಳು.

ಸಂಜೆ ಬಸ್ಸಿನಲ್ಲಿ ಕೂತು ಬಂದೆವು. ಕೃಷ್ಣರಾಜಪುರದ ತೂಗುಸೇತುವೆಯ ಹತ್ತಿರ ಎಂದಿನಂತೆ ಎಲ್ಲ ನಿಂತುಹೋಗಿತ್ತು. ಯಜಮಾನರು ಕೇಳಿದರು: "ಮೂರನೇ ಬೆಂಚಿನ ಹಿಂದೆ ಒಂದಕ್ಷರಾನೂ ಕಾಣಲ್ಲ ಕಣೆ ಅಲ್ಲಿ. ಇಷ್ಟು ವರ್ಷ ಹೇಗೆ ಪಾಠ ಮಾಡ್ದೆ?"

"ಕೂಗಿ," ಎಂದೆ. "ಕಾಣಲ್ಲ ಅಂದ್ಮೇಲೆ ಕೇಳಿಸ್ಲಾದ್ರೂ ಬೇಕಲ್ಲ ಅವಕ್ಕೆ. ಬೆಳಗಿಂದ ಸಾಯಂಕಾಲದವರೆಗೆ ಕೂಗ್ತಿದ್ದೆ."

ಇಷ್ಟು ಹೇಳುವಾಗಲೂ ಮುಂದಿನ ಸೀಟಿನವರು ತಿರುಗಿ ನೋಡಿದರು. ಯಜಮಾನರು ಟೆಸ್ಟ್ ಬೆಡ್ಡಿನ ಮಾತೆತ್ತಲಿಲ್ಲ. ಕಿಟಕಿಯಾಚೆ ಕದಲದೆ ನಿಂತ ಲಾರಿಯನ್ನು ನೋಡುತ್ತಿದ್ದರು.

ನಾನು ನಿವೃತ್ತಳಾದೆ. ನನ್ನ ಕೋಣೆಗೆ ಈಗ ಹೊಸ ಟೀಚರು ಬಂದಿದ್ದಾರೆ, ಮೆಲುದನಿಯ ಹುಡುಗಿ. ಬೋರ್ಡು ಕಾಣುವುದರಿಂದ ಅವಳಿಗೆ ಅಷ್ಟು ದನಿ ಸಾಕು. ನನ್ನ ಗಂಟಲು ಮಾತ್ರ ಇಳಿದಿಲ್ಲ, ಇನ್ನು ಇಳಿಯುವುದೂ ಇಲ್ಲ.

ಆದರೆ ಶಾಲೆಯಲ್ಲಿ ದೀಪ ಹೊತ್ತಿದ ಮರುದಿನ ಬೆಳಿಗ್ಗೆಯೇ ಒಂದು ಸಂಗತಿ ನಡೆಯಿತು. ಕಾಫಿ ಸೋಸಲು ಜಾಲರಿ ತೆಗೆಯುವಾಗ ನೋಡುತ್ತೇನೆ, ಹಲಗೆಯ ಬಲತುದಿಯಲ್ಲಿ ಬರೀ ಕೆಂಪು ಗೆರೆ. ಕಿವಿಮುಚ್ಚುಗ ಇಲ್ಲ. ಇನ್ನು ಮನೆಯೆಲ್ಲ ತಲೆಕೆಳಗಾಗುತ್ತದೆಂದು ನಾನು ಒಲೆ ಆರಿಸಿದೆ.

"ರೀ, ಇಲ್ಲಿದ್ದಿದ್ದು ಕಾಣಿಸ್ತಿಲ್ಲ! ಹುಡುಕಲ್ವಾ?" ಎಂದು ಕೂಗಿದೆ.

ಪೇಪರಿನ ಹಿಂದಿನಿಂದ ಮಾತು ಬಂತು. "ಹೋಗ್ಲಿ ಬಿಡು. ಕಾಫಿ ತಾ."

ಆ ಜಾಗ ಇವತ್ತಿಗೂ ಖಾಲಿ ಇದೆ. ಬಂದವರನ್ನೆಲ್ಲ ದಿಟ್ಟಿಸಿ ನೋಡುತ್ತದೆ. ಅವರು ಹುಡುಕಿಲ್ಲ, ನಾನೂ ಮತ್ತೆ ಕೇಳಿಲ್ಲ. ತಂಗಿಯ ಫೋನು ಬಂದಾಗ ಪಕ್ಕದಲ್ಲೇ ಪೇಪರ್ ಹಿಡಿದು ಕೂತಿರುತ್ತಾರೆ.